ಆರನೇ ಅಂಕಣದಲ್ಲಿ ಕುಳಿತವರು

ಬೊಳ್ಳಿಪದವು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಇಳಿದವರು ದಾರಿ ತಪ್ಪುತ್ತಾರೆ ಎನ್ನುವುದು ಒಂದು ಕಾಲದಲ್ಲಿ ಸುತ್ತಿನ ಊರುಗಳ ನಗೆಮಾತಾಗಿತ್ತು. ನಿಲ್ದಾಣವೇನೂ ಅಂಥ ದೊಡ್ಡದಲ್ಲ. ಮುರಕಲ್ಲಿನ ಬೋಳುಗುಡ್ಡವಾದ ಪದವಿನ ನೆತ್ತಿ ಸವರಿ ಮಾಡಿದ ಒಂದೇ ರನ್‌ವೇ, ಗಾಜಿನ ಒಂದೇ ಕಟ್ಟಡ, ಮಸ್ಕತ್ತು, ದಮಾಮು, ದುಬಾಯಿಗಳಿಂದ ಬರುವ ಬೆರಳೆಣಿಕೆಯ ವಿಮಾನಗಳು. ಫಜೀತಿಯೆಲ್ಲ ಇದ್ದದ್ದು ಹೊರಗೆ. ಪೇಟೆಯ ಬಸ್ಸು ಒಂದು ಕಡೆ, ಘಟ್ಟ ಹತ್ತುವ ಬಸ್ಸು ಇನ್ನೊಂದು ಕಡೆ, ರೈಲು ಸ್ಟೇಷನ್ನಿನ ವ್ಯಾನು ಕಟ್ಟಡದ ಬೆನ್ನಿಗೆ, ಟ್ಯಾಕ್ಸಿಗಳು ಮಾಳಿಗೆಯ ಕೆಳಗೆ, ಹೊಳೆ ದಾಟುವ ಲಾಂಚಿನ ಕಡವಿಗೆ ಹೋಗುವ ಮಿನಿಬಸ್ಸು ಎಲ್ಲಿ ನಿಲ್ಲುತ್ತದೆಂದು ಅದರ ಡ್ರೈವರನಿಗೇ ಖಾತ್ರಿಯಿಲ್ಲ. ದಮಾಮಿನಿಂದ ಹಗ್ಗ ಬಿಗಿದ ಪೆಟ್ಟಿಗೆಗಳ ಸಮೇತ ಬಂದವನು ಮನೆಗೆಂದು ಬಸ್ಸು ಹತ್ತಿ ನಿದ್ದೆ ಹೋಗಿ, ಘಾಟಿಯ ಚಳಿಗೆ ಎಚ್ಚರಾಗಿ ಬೊಬ್ಬೆ ಹೊಡೆದದ್ದುಂಟು.

ಆ ದಿನಗಳಲ್ಲಿ ಮಾಹಿತಿ ಕೌಂಟರಿನಲ್ಲಿ ಕೂರುತ್ತಿದ್ದವಳು ಹರಿಣಾಕ್ಷಿ ಸಾಲಿಯಾನ್. ‘ಎಡಕ್ಕೆ ಹೋಗಿ, ಮೂರನೇ ಬಾಗಿಲು’ ಎಂದು ಹೇಳಿ ಹೇಳಿ, ಮನೆಯಲ್ಲಿ ಮಗಳು ಬಚ್ಚಲು ಎಲ್ಲಿ ಎಂದರೂ ಅದನ್ನೇ ಹೇಳುವಷ್ಟು ಅಭ್ಯಾಸವಾಗಿತ್ತು ಅವಳಿಗೆ. ನಿಲ್ದಾಣದವರು ಚಂದದ ಬಣ್ಣದಲ್ಲಿ ಒಂದು ಮಾರ್ಗದರ್ಶಿ ಪುಸ್ತಿಕೆಯನ್ನೂ ಅಚ್ಚು ಹಾಕಿಸಿದ್ದರು. ಜನ ಅದರಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಆಮೇಲೆ ಡಾಕ್ಟರ್ ಅನಸೂಯಾ ಹೊಳ್ಳ ಬಂದರು.

ಮಿದುಳಿನ ವಿಜ್ಞಾನಿ. ಅರವತ್ತರ ಆಸುಪಾಸಿನ, ಕಡ್ಡಿಯಂತಹ ಹೆಂಗಸು. ಬಂದ ಮೊದಲ ವಾರವೇ ನಾಲ್ಕಾರು ಸಲ ಸಾಮಾನು ಸಾಗಿಸುವ ಬೆಲ್ಟಿನ ಕೋಣೆಗೆ ನುಗ್ಗಿ ಕಾವಲುಗಾರರಿಂದ ಬೈಸಿಕೊಂಡರು.

“ನನಗೆ ಹುಟ್ಟಿದಂದಿನಿಂದ ದಿಕ್ಕಿನ ಅಂದಾಜು ಇಲ್ಲ ಹರಿಣಾಕ್ಷಿ,” ಎಂದು ನಗುತ್ತಾ ಹೇಳಿದರು. “ಅದಕ್ಕೇ ಈ ವಿದ್ಯೆ ಕಲಿತದ್ದು. ತಲೆಯ ಒಳಗೆ ಜಾಗದ ನಕ್ಷೆ ಬರೆಯುವ ಜೀವಕೋಶಗಳು ಉಂಟು. ಹೊಸ ಜಾಗಕ್ಕೆ ಕಾಲಿಟ್ಟಾಗ ಹಳೇ ನಕ್ಷೆ ಬಿಟ್ಟುಹೋಗುದಿಲ್ಲ, ಹೊಸದು ಕೂಡಲೇ ಬರುದಿಲ್ಲ. ಆ ಮಧ್ಯದ ಹೊತ್ತಿಗೆ ನಾವು ದಾರಿ ತಪ್ಪಿತು ಅಂತ ಹೇಳುದು.”

“ಅದಕ್ಕೆ ಮದ್ದು ಉಂಟಾ?”

“ಮದ್ದಲ್ಲ. ಒಂದು ಸಣ್ಣ ಅಯಸ್ಕಾಂತದ ಮಿಡಿತ. ತಾಮ್ರದ ಸುರುಳಿಗಳ ಕೆಳಗೆ ಮನುಷ್ಯ ಸ್ವಲ್ಪ ಹೊತ್ತು ನಡೆದರೆ ಆ ಕೋಶಗಳು ಕುಂಬಾರನ ಮಣ್ಣಿನ ಹಾಗೆ ಹದ ಆಗ್ತವೆ. ಆ ಹೊತ್ತಿಗೆ ಸ್ಪಷ್ಟವಾಗಿ ದಾರಿ ಹೇಳಿದ್ರೆ ಸಾಕು, ನೇರ ಅಚ್ಚು ಬೀಳ್ತದೆ. ಹತ್ತು ವರ್ಷ ಓಡಾಡಿದ ಜಾಗದ ಹಾಗೆ ನಡೀತಾರೆ. ಹೇಳುವ ಸ್ವರ ಒಳ್ಳೆದಿರಬೇಕು, ಅಷ್ಟೆ. ನಿಮ್ಮದು ಒಳ್ಳೆದುಂಟು.”

ಹೀಗೆ ‘ಕೈಮರ’ ಹುಟ್ಟಿತು. ಇಮಿಗ್ರೇಷನ್ ಮುಗಿಸಿ ಹೊರಬರುವವರು ನೀಲಿ ಬಣ್ಣದ ಉದ್ದನೆಯ ಒಂದು ಓಣಿಯಲ್ಲಿ ನಡೆಯಬೇಕು. ಅದರ ಚಾವಣಿಯೊಳಗೆ ಸುರುಳಿಗಳು. ಓಣಿಯ ಕೊನೆಯಲ್ಲಿ, ಅವರವರ ಟಿಕೆಟ್ಟು ವಿಳಾಸ ನೋಡಿಕೊಂಡು, ಅವರವರ ಕಿವಿಗೆ ಮಾತ್ರ ಬೀಳುವಂತೆ ಹರಿಣಾಕ್ಷಿಯ ಸ್ವರ. ಹೊರಗೆ ವಾಹನ ನಿಲ್ಲುವ ಜಾಗಗಳನ್ನೆಲ್ಲ ಒಂದೇ ಸಾಲಿಗೆ ತಂದು, ಬಸ್ ಸ್ಟ್ಯಾಂಡುಗಳಲ್ಲಿ ಇರುವಂತೆ ಒಂದನೇ ಅಂಕಣ, ಎರಡನೇ ಅಂಕಣ ಎಂದು ಫಲಕ ಹಾಕಿದರು. ಮಾತುಗಳನ್ನು ಬರೆದವಳೂ ಹರಿಣಾಕ್ಷಿಯೇ. ಎಷ್ಟೋ ಸಲ ಗೀಚಿ ಹೊಡೆದು ಹಾಕಿ ಕೊನೆಗೆ ಅವಳಿಗೆ ಹಿಡಿಸಿದ್ದು ಹೀಗಿತ್ತು: ‘ನಮಸ್ಕಾರ. ಬಲಕ್ಕೆ ತಿರುಗಿ. ಎರಡನೇ ಬಾಗಿಲಿನಿಂದ ಹೊರಗೆ. ನಿಮ್ಮ ಜಾಗ ಆರನೇ ಅಂಕಣ. ಅಲ್ಲಿಗೆ ಬಂದರೆ ತಲುಪಿದಿರಿ.’

ಆ ಕೊನೆಯ ವಾಕ್ಯದ ಬಗ್ಗೆ ಅವಳಿಗೆ ಸಣ್ಣ ಹೆಮ್ಮೆ. ದೂರದಿಂದ ದಣಿದು ಬಂದವರಿಗೆ ಅದರಲ್ಲೊಂದು ಸಮಾಧಾನವಿದೆ ಎಂದುಕೊಂಡಿದ್ದಳು.

ಕೌಂಟರು ಮುಚ್ಚಿತು. ಹರಿಣಾಕ್ಷಿ ಮೇಲಿನ ನಿಯಂತ್ರಣ ಕೊಠಡಿಗೆ ಹೋದಳು. ಅಲ್ಲಿ ಪರದೆಯ ಮೇಲೆ ಪ್ರತಿ ಪ್ರಯಾಣಿಕನೂ ಒಂದು ಹಳದಿ ಚುಕ್ಕೆ. ಮೊದಲೆಲ್ಲ ಜನ ಹೊರಬಂದದ್ದೇ ಇರುವೆಗೂಡು ಒಡೆದಂತೆ ಚದುರುತ್ತಿದ್ದರು. ಈಗ ಚುಕ್ಕೆಗಳು ನೂಲು ಹಿಡಿದಂತೆ ಹೋಗಿ ತಮ್ಮ ತಮ್ಮ ಅಂಕಣದಲ್ಲಿ ನಿಲ್ಲುತ್ತಿದ್ದವು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ತಲೆ ಎತ್ತಿ ಫಲಕ ಓದುವವರೂ ಇರಲಿಲ್ಲ. ಬೇರೆ ಊರುಗಳಿಂದ ನೋಡಲು ಜನ ಬಂದರು, ಹೂಗುಚ್ಛ ಕೊಟ್ಟರು, ಫೋಟೊ ತೆಗೆಸಿಕೊಂಡರು. ಕೊಲ್ಲಿಯ ವಿಮಾನಗಳು ಹೆಚ್ಚಾಗಿ ಓಣಿಯಲ್ಲಿ ನೂಕುನುಗ್ಗಲಾಗತೊಡಗಿದಾಗ, ಜನ ಬೇಗ ದಾಟಲೆಂದು ಮಿಡಿತದ ಶಕ್ತಿಯನ್ನು ಏರಿಸಬೇಕೆಂದು ಮೇಲಿನವರಿಂದ ಆದೇಶ ಬಂತು. ಡಾಕ್ಟರ್ ಹೊಳ್ಳ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಮೂರನೆಯ ದಿನ ಏರಿಸಿದರು.

ಹರಿಣಾಕ್ಷಿಯ ಗಂಡ ಉಮಾನಾಥ ಊರಿಗೆ ಬಂದದ್ದು ಅದಾದ ಬಳಿಕ.

ಅವನು ಒಮಾನಿನ ಬಂದರೊಂದರಲ್ಲಿ ಕ್ರೇನ್ ನಡೆಸುವವನು. ವರ್ಷಕ್ಕೊಮ್ಮೆ ರಜೆ. ಕರೆದುಕೊಂಡು ಹೋಗಲು ಬರುತ್ತೇನೆಂದರೆ, “ಬೇಡ ಮಾರಾಯ್ತಿ, ನಿನ್ನ ಡ್ಯೂಟಿ ಬಿಡುದು ಬೇಡ. ನಿನ್ನ ಸ್ವರವೇ ಉಂಟಲ್ಲ ದಾರಿ ಹೇಳ್ಲಿಕ್ಕೆ,” ಎಂದು ಫೋನಿನಲ್ಲಿ ನಕ್ಕಿದ್ದ. ಪರದೆಯ ಮೇಲೆ ಅವನ ಚುಕ್ಕೆ ಓಣಿಯಲ್ಲಿ ಬರುವುದನ್ನು ಅವಳು ನೋಡಿದಳು. ಕ್ಯಾಮೆರಾ ತಿರುಗಿಸಿದಳು. ಸ್ವಲ್ಪ ದಪ್ಪಗಾಗಿದ್ದ. ಓಣಿಯ ಕೊನೆಗೆ ಬಂದು ಸ್ವರ ಕೇಳಿದ್ದೇ ಅವನ ಮುಖ ಸಡಿಲವಾಯಿತು. ನಿದ್ದೆಯಲ್ಲಿ ಮಕ್ಕಳ ಮುಖ ಆಗುತ್ತದಲ್ಲ, ಹಾಗೆ. ಅಲ್ಲಿಂದ ನೇರ ಆರನೇ ಅಂಕಣಕ್ಕೆ ಹೋಗಿ ನಿಂತ. ಅವರ ಊರಾದ ಪಡುಬೈಲಿನ ಬಸ್ಸು ಬಂತು. ಹತ್ತಲಿಲ್ಲ. ಎರಡನೆಯ ಬಸ್ಸನ್ನೂ ಬಿಟ್ಟ. ಮೂರನೆಯದನ್ನು, ಕಂಡಕ್ಟರ್ ಪೆಟ್ಟಿಗೆ ಎತ್ತಿ ಒಳಗೆ ಹಾಕಿದ ಮೇಲೆ, ಹಿಂತಿರುಗಿ ಹಿಂತಿರುಗಿ ನೋಡುತ್ತಾ ಹತ್ತಿದ. ಯಾರಿಗೋ ಕಾಯುತ್ತಿದ್ದನೇನೋ ಅಂದುಕೊಂಡಳು.

ಸಂಜೆ ಮನೆಗೆ ಹೋದರೆ ಉಮಾನಾಥ ಚಾವಡಿಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದ. ಚಪ್ಪಲಿ ಹೊರಮುಖವಾಗಿ ಇಟ್ಟಿದ್ದ. ಮಗಳು ಧನ್ವಿ ಹೊಸ ಬಣ್ಣದ ಪೆನ್ಸಿಲುಗಳನ್ನು ನೆಲದ ಮೇಲೆಲ್ಲ ಹರಡಿ ಕೂತಿದ್ದಳು.

“ಬಂದ್ಯಾ?” ಎಂದು ಎದ್ದು ನಿಂತ. ನಕ್ಕ. ಅವಳ ಕೈ ಹಿಡಿದುಕೊಂಡ. ಎಲ್ಲ ಸರಿಯೇ ಇತ್ತು. ಆದರೆ ಸ್ವಲ್ಪ ಹೊತ್ತಿನ ಮೇಲೆ, “ಒಂದು ಗ್ಲಾಸು ನೀರು ಸಿಗಬಹುದಾ?” ಎಂದು ಕೇಳಿದ.

“ಅಡಿಗೆಮನೆ ಎಲ್ಲುಂಟು ಅಂತ ಮರೆತು ಹೋಯ್ತಾ?”

“ಇಲ್ಲಪ್ಪ, ಗೊತ್ತುಂಟು. ಕೇಳದೆ ಹೋಗುದು ಹೇಗೆ ಅಂತ.”

ಅವಳು ತಮಾಷೆಯೆಂದು ನಕ್ಕಳು. ಮೀನು ಸಾರು ಬಡಿಸಿದಾಗ ಹಿಂದೆ ಮೂರು ಸಲ ಹಾಕಿಸಿಕೊಳ್ಳುತ್ತಿದ್ದವನು, “ಸಾಕು, ಸಾಕು, ಭಾರೀ ಒಳ್ಳೆದಾಯ್ತು, ನಿಮಗೆ ಸುಮ್ಮನೆ ತೊಂದರೆ,” ಎಂದ. ‘ನಿಮಗೆ’ ಎಂದದ್ದು ಅವಳ ಎದೆಗೆ ತಣ್ಣಗೆ ತಾಗಿತು. ಬೆಳಗ್ಗೆ ಎದ್ದು ನೋಡಿದರೆ ಅವನು ತನ್ನ ಹೊದಿಕೆಯನ್ನು ನೀಟಾಗಿ ಮಡಚಿ ಮೂಲೆಯಲ್ಲಿಟ್ಟು, ಅಂಗಿ ತೊಟ್ಟು, ಬಾಗಿಲ ಬಳಿ ನಿಂತಿದ್ದ.

“ಹಾಗಾದ್ರೆ ನಾನು ಬರ್ತೇನೆ,” ಎಂದ.

“ಎಲ್ಲಿಗೆ?”

ಅವನು ಯೋಚಿಸಿದ. ಅಪರಾಧಿಯಂತೆ ಮತ್ತೆ ಕುರ್ಚಿಯ ತುದಿಯಲ್ಲಿ ಕೂತ.

ಅದೇ ವಾರ ಬಸ್ಸುಗಳ ಟೈಂಕೀಪರ್ ಫೆಲಿಕ್ಸ್ ಡಿಕುನ್ಹ ನಿಯಂತ್ರಣ ಕೊಠಡಿಗೆ ಬಂದು ಕಿಟಕಿಯ ಪರದೆ ಸರಿಸಿದ.

“ಮೇಡಂ, ಒಮ್ಮೆ ಕೆಳಗೆ ನೋಡಿ. ಇವರೆಲ್ಲ ಯಾರು ಮಾರಾಯ್ರೆ?”

ಮಧ್ಯಾಹ್ನದ ಬಿಸಿಲು ಕಾಂಕ್ರೀಟಿನ ಮೇಲೆ ಬೆಳ್ಳಗೆ ಉರಿಯುತ್ತಿತ್ತು. ಆ ಹೊತ್ತಿಗೆ ವಿಮಾನವಿಲ್ಲ. ಆದರೂ ಅಂಕಣಗಳಲ್ಲಿ ಜನ ಕೂತಿದ್ದರು. ಪೆಟ್ಟಿಗೆಯಿಲ್ಲ, ಚೀಲವಿಲ್ಲ. ಗಂಡಸರು, ಹೆಂಗಸರು, ಮಗುವನ್ನು ತೊಡೆಯಲ್ಲಿಟ್ಟುಕೊಂಡ ಒಬ್ಬ ತಾಯಿ. ಮಾತಿಲ್ಲ ಕತೆಯಿಲ್ಲ. ಬಸ್ಸು ಬಂದರೆ ಕಾಲು ಮಡಚಿ ದಾರಿ ಬಿಡುತ್ತಿದ್ದರು, ಹತ್ತುತ್ತಿರಲಿಲ್ಲ.

“ಮೊದಲು ಇಬ್ಬರೋ ಮೂವರೋ ಬರ್ತಿದ್ದರು,” ಎಂದ ಫೆಲಿಕ್ಸ್. “ಈಗ ನೋಡಿ. ಬೆಳಗ್ಗೆ ಬಸ್ಸಲ್ಲಿ ಬರ್ತಾರೆ, ಕೂರ್ತಾರೆ, ಸಾಯಂಕಾಲ ಮನೆಯವರು ಹುಡುಕಿಕೊಂಡು ಬಂದು ಎಳೆದುಕೊಂಡು ಹೋಗ್ತಾರೆ. ಎಂತಕ್ಕೆ ಬಂದದ್ದು ಅಂತ ಕೇಳಿದ್ರೆ ಸುಮ್ಮನೆ ಅಂತಾರೆ. ಒಬ್ಬಳು ನನಗೇ ಹೇಳ್ತಾಳೆ, ಬನ್ನಿ ಕೂತುಕೊಳ್ಳಿ, ಬಾಯಾರಿಕೆಗೆ ಎಂತಾದ್ರೂ ಬೇಕಾ ಅಂತ. ಅವಳ ಮನೆ ಜಗಲಿಗೆ ನಾನು ಹೋದ ಹಾಗೆ.”

ಹರಿಣಾಕ್ಷಿಯ ಕಣ್ಣು ಸಾಲಿನ ಮೇಲೆ ಹರಿದು ಆರನೇ ಅಂಕಣಕ್ಕೆ ಬಂತು. ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಚಾಚಿ, ಅಂಗಿಯ ಗುಂಡಿ ಬಿಚ್ಚಿ, ವರ್ಷಗಟ್ಟಲೆ ಅಲ್ಲೇ ಕೂತು ಅಭ್ಯಾಸವಿದ್ದವನಂತೆ ಉಮಾನಾಥ ಕೂತಿದ್ದ.

ಮೆಟ್ಟಿಲು ಇಳಿದು ಓಡಿದಳು. ಅವನು ಅವಳನ್ನು ಕಂಡು ಹಿಗ್ಗಿದ.

“ಬಂದ್ಯಾ! ಬಾ, ಕೂತುಕೋ.” ಪಕ್ಕದ ಸಿಮೆಂಟು ನೆಲವನ್ನು ಅಂಗೈಯಿಂದ ಒರೆಸಿದ. “ಧನ್ವಿಯನ್ನು ಕರಕೊಂಡು ಬರ್ಲಿಕ್ಕಾಗ್ತಿತ್ತಲ್ಲ?”

“ಇಲ್ಲಿ ಎಂತ ಮಾಡ್ತಿದ್ದೀರಿ ನೀವು? ಮನೆಗೆ ಬನ್ನಿ.”

ಅವನು ಅವಳ ಮುಖವನ್ನೇ ನೋಡಿದ. “ನನಗೆ ಎಲ್ಲ ನೆನಪುಂಟು ಹರಿಣಾ. ಅದು ನಮ್ಮ ಮನೆ, ನಾನೇ ಕಟ್ಟಿಸಿದ್ದು. ಗೊತ್ತುಂಟು. ಆದ್ರೆ ಅಲ್ಲಿ ಕೂತ್ರೆ ಯಾರದ್ದೋ ಮನೆಗೆ ಹೋಗಿ ಹೊತ್ತಾದ ಹಾಗೆ ಆಗ್ತದೆ. ಎದ್ದು ಹೊರಡಬೇಕು, ಹೊರಡಬೇಕು ಅಂತ. ಇಲ್ಲಿ ಬಂದದ್ದೇ...” ಎದೆಯ ಮೇಲೆ ಕೈಯಿಟ್ಟುಕೊಂಡ. “ತಲುಪಿದ ಹಾಗೆ.”

ಡಾಕ್ಟರ್ ಹೊಳ್ಳರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹರಿಣಾಕ್ಷಿಯ ಮಾತು ಕೇಳುತ್ತಾ ಕೇಳುತ್ತಾ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಕ್ಷೆಗೆ ಒಂದು ನಡು ಇರ್ತದೆ,” ಎಂದರು ಮೆಲ್ಲಗೆ. “ಎಲ್ಲ ದಾರಿಗಳನ್ನು ಅಳೆಯುದು ಅಲ್ಲಿಂದ. ಅದಕ್ಕೆ ನಾವು ಮನೆ ಅಂತ ಹೇಳುದು. ಮಿಡಿತ ಸಣ್ಣದಿದ್ದಾಗ ಸುತ್ತಿನ ಮಣ್ಣು ಮಾತ್ರ ಹದ ಆಗ್ತಿತ್ತು. ಏರಿಸಿದಾಗ ನಡುವೂ ಸಡಿಲ ಆಗಿದೆ. ಆ ಹೊತ್ತಿಗೆ ಸ್ವರ ಹೇಳಿದೆ, ನಿಮ್ಮ ಜಾಗ ಇದು, ಇಲ್ಲಿಗೆ ಬಂದರೆ ತಲುಪಿದಿರಿ ಅಂತ. ಅವರು ನಂಬಿದ್ದಾರೆ.”

“ನಾನು ಬರೆದದ್ದು ಅದು.”

“ಏರಿಸಿದ್ದು ನಾನು.”

ಸುರುಳಿಗಳನ್ನು ಅಂದೇ ಆರಿಸಿದರು. ಆದರೆ ಆರಿಸಿದ್ದರಿಂದ ಕೂತವರು ಏಳಲಿಲ್ಲ. ಒತ್ತಿದ ಅಚ್ಚು ಮಣ್ಣಿನಲ್ಲಿ ಒಣಗಿ ಹೋಗಿತ್ತು. ದಿನ ಕಳೆದಂತೆ ಜನ ಹೆಚ್ಚಾದರು. ಮನೆಯವರು ಬೀಗ ಹಾಕಿ ಕೂಡಿಹಾಕಿದರೆ ಊಟ ಬಿಡುತ್ತಿದ್ದರು. ಬಿಟ್ಟರೆ ಹಲವು ಹರಿದಾರಿ ನಡೆದಾದರೂ ಬಂದು ತಮ್ಮ ಅಂಕಣ ಸೇರುತ್ತಿದ್ದರು. ಒಬ್ಬಾಕೆ ನಾಲ್ಕನೇ ಅಂಕಣದ ಕಂಬದ ಬುಡ ಗುಡಿಸಿ ರಂಗೋಲಿ ಹಾಕಿದಳು. ಯಾರೋ ದೇವರ ಪಟ ತಂದು ಫಲಕಕ್ಕೆ ತೂಗುಹಾಕಿದರು. ಬಿಸಿಲಿನಲ್ಲಿ ಆ ಮೌನದ ಸಾಲನ್ನು ದಾಟಿ ನಡೆಯುವಾಗ ಹರಿಣಾಕ್ಷಿ ಬಾಯಿ ಬಿಗಿಹಿಡಿಯುತ್ತಿದ್ದಳು. ಒಮ್ಮೆ ಮರೆತು ಫೆಲಿಕ್ಸನನ್ನು ಕೂಗಿ ಕರೆದಾಗ ಸಾಲಿಗೆ ಸಾಲೇ, ಮಗುವೂ ಸೇರಿ, ಅವಳತ್ತ ತಲೆ ತಿರುಗಿಸಿ, ಮುಂದಿನ ಮಾತಿಗೆ ಕಾದಿತ್ತು.

ಉಳಿದದ್ದು ಒಂದೇ ದಾರಿ. ಮತ್ತೊಮ್ಮೆ ಹದ ಮಾಡುವುದು, ಮತ್ತೊಮ್ಮೆ ಹೇಳುವುದು. ಒಬ್ಬೊಬ್ಬರನ್ನೇ ಓಣಿಯಲ್ಲಿ ನಡೆಸಿ, ಅವರವರ ಮನೆಯ ದಾರಿಯನ್ನು ಹೊಸ್ತಿಲಿನವರೆಗೆ ಹೇಳಿ ಮುಟ್ಟಿಸಬೇಕು. ಅದೇ ಸ್ವರ ಬೇಕು. ಬೇರೆಯವರ ಮಾತು ಅವರ ಕಿವಿ ದಾಟುತ್ತಿರಲಿಲ್ಲ.

ಮೊದಲು ಯಾರು ಎಂಬ ಪ್ರಶ್ನೆ ಬಂದಾಗ ಹರಿಣಾಕ್ಷಿ, “ನನ್ನವರು,” ಎಂದಳು.

ನಿಯಂತ್ರಣ ಕೊಠಡಿಯಲ್ಲಿ ಮೈಕಿನ ಮುಂದೆ ಕೂತಳು. ಡಾಕ್ಟರ್ ಹೊಳ್ಳ ಮಿಡಿತದ ಗುಂಡಿಯ ಬಳಿ ನಿಂತರು. ಪರದೆಯಲ್ಲಿ ಉಮಾನಾಥ ನೀಲಿ ಓಣಿಯ ನಡುವೆ ಒಬ್ಬನೇ ನಡೆದುಬರುತ್ತಿದ್ದ.

“ನಮಸ್ಕಾರ,” ಎಂದಳು. ಅಭ್ಯಾಸಬಲ. “ಬಸ್ಸು ಪಡುಬೈಲಿನ ಐಸ್ ಪ್ಲಾಂಟಿನ ಹತ್ತಿರ ನಿಲ್ತದೆ. ಇಳಿಯಿರಿ. ಬಲಗಡೆ ಹೊಯ್ಗೆಯ ಓಣಿ. ಚಪ್ಪಲಿಗೆ ಹೊಯ್ಗೆ ತುಂಬ್ತದೆ, ತುಂಬಲಿ. ಕಾಸರಕನ ಮರ ದಾಟಿದ ಮೇಲೆ ಹಸಿರು ಗೇಟು. ಅದರ ಚಿಲಕ ಸ್ವಲ್ಪ ಎತ್ತಿ ತೆಗೀಬೇಕು. ಚಾವಡಿಯ ಫ್ಯಾನು ಟಕಟಕ ಅಂತದೆ. ಒಳಗೆ ಧನ್ವಿ ಉಂಟು. ನಾನು ಇದ್ದೇನೆ. ನಿಮ್ಮ ಜಾಗ ಅದು. ಅಲ್ಲಿಗೆ ಬಂದರೆ ತಲುಪಿದಿರಿ.”

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಓಣಿಯ ಕೊನೆಯಲ್ಲಿ ಅವನ ಮುಖ ಹಸುಳೆಯಂತೆ ಸಡಿಲವಾಗಿ, ಬಾಯಿ ಅರೆತೆರೆದು, ಇನ್ನೂ ಏನು ಹೇಳಿದರೂ ತೆಗೆದುಕೊಳ್ಳಲು ತಯಾರಾಗಿ ನಿಂತಿತ್ತು. ರಜೆ ಮುಗಿದರೆ ಮತ್ತೆ ಹೋಗುತ್ತಾನೆ. ಮದುವೆಯಾದಂದಿನಿಂದ ಹೋಗುತ್ತಲೇ ಇದ್ದಾನೆ. ಧನ್ವಿ ಹುಟ್ಟಿದಾಗಲೂ ಇರಲಿಲ್ಲ, ತಾನು ಆಸ್ಪತ್ರೆಯಲ್ಲಿ ಮಲಗಿದಾಗಲೂ ಇರಲಿಲ್ಲ.

“ಅಲ್ಲಿಗೆ ದಾರಿ ಮುಗೀತು,” ಎಂದಿತು ಅವಳ ಸ್ವರ. “ಗೇಟಿನ ಆಚೆ ನಿಮಗೆ ಬೇರೆ ದಾರಿ ಇಲ್ಲ.”

ಡಾಕ್ಟರ್ ಹೊಳ್ಳ ತಲೆ ಎತ್ತಿ ಅವಳನ್ನು ನೋಡಿದರು. ಗುಂಡಿ ಒತ್ತಿ ಮಿಡಿತ ನಿಲ್ಲಿಸಿದರು.

ಅಂದು ಉಮಾನಾಥ ಮನೆಗೆ ಬಂದವನೇ ಅಂಗಿ ಬಿಚ್ಚಿ ಕುರ್ಚಿಯ ಮೇಲೆಸೆದ, ಯಾರನ್ನೂ ಕೇಳದೆ ಕೊಡದಿಂದ ನೀರು ಮೊಗೆದು ಕುಡಿದ, ಮಗಳ ಜಡೆ ಎಳೆದ. ಹರಿಣಾಕ್ಷಿ ಒಲೆಯ ಮುಂದೆ ನಿಂತು ಅತ್ತಳು.

ಆಮೇಲೆ ಉಳಿದವರ ಸರದಿ. ಮನೆಯವರು ಬಂದು ದಾರಿಯ ಗುರುತುಗಳನ್ನು ಹೇಳುತ್ತಿದ್ದರು, ಅವಳು ಮೈಕಿನಲ್ಲಿ ಹೇಳುತ್ತಿದ್ದಳು. ಗುರುತು ಹೇಳಿ ಮುಗಿಸಿದವರು ಹೊರಡದೆ ಸ್ವಲ್ಪ ಹೊತ್ತು ನಿಲ್ಲುವುದನ್ನು ಅವಳು ಬೇಗ ಗಮನಿಸಿದಳು.

“ಮೇಡಂ, ಒಂದು ಮಾತು ಸೇರಿಸ್ಲಿಕ್ಕೆ ಆಗ್ತದಾ?” ಎಂದಳು ಒಬ್ಬ ಅತ್ತೆ. “ಅವಳಿಗೆ ತಾಯಿಮನೆಯ ದಾರಿ ಅಷ್ಟು ಬೇಡ.” ಇನ್ನೊಬ್ಬಾತ ತಮ್ಮನಿಗೆ ಹೆಂಡದಂಗಡಿಯ ದಾರಿ ಮರೆಸಬೇಕೆಂದ. ಒಬ್ಬ ತಂದೆ ಮಗಳ ಬಗ್ಗೆ ಹೇಳುತ್ತಾ ಹೇಳುತ್ತಾ ಅರ್ಧಕ್ಕೆ ನಿಲ್ಲಿಸಿ, “ಬೇಡ ಬಿಡಿ,” ಎಂದು ತಾನೇ ನಾಚಿದ.

“ದಾರಿ ಮಾತ್ರ ಹೇಳುದು,” ಎಂದು ಅವರೆಲ್ಲರಿಗೂ ಹೇಳಿ ಕಳಿಸುವಾಗ ಹರಿಣಾಕ್ಷಿಯ ಕಿವಿ ಕಾದು ಕೆಂಪಾಗುತ್ತಿತ್ತು.

ಎಲ್ಲರೂ ಹೋದರು, ಒಬ್ಬನನ್ನು ಬಿಟ್ಟು. ಮೂರನೇ ಅಂಕಣದಲ್ಲಿ ಚೌಕುಳಿ ಅಂಗಿಯ ಒಬ್ಬಾತ. ಅವನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಮನೆ ಎಲ್ಲಿ ಎಂದು ಹರಿಣಾಕ್ಷಿಯೇ ಹೋಗಿ ವಿಚಾರಿಸಿದಾಗ, “ಮೊದಲು ಇರ್ಲಿಲ್ಲ. ಈಗ ಉಂಟಲ್ಲ,” ಎಂದು ಕೂತಲ್ಲಿಂದಲೇ ಸುತ್ತ ನೋಡಿದ. ಸುರುಳಿಗಳನ್ನು ಬಿಚ್ಚಿ ಕರಗಿಸಲು ಕಳಿಸಿದ ಮೇಲೂ ಅವನು ಅಲ್ಲೇ ಉಳಿದ. ಬಸ್ಸುಗಳು ಅವನನ್ನು ಬಳಸಿ ತಿರುಗುತ್ತವೆ. ಪುಸ್ತಿಕೆ ಮತ್ತೆ ಅಚ್ಚಾಯಿತು, ಜನ ಮತ್ತೆ ದಾರಿ ತಪ್ಪತೊಡಗಿದರು. ಹರಿಣಾಕ್ಷಿ ಕೌಂಟರಿಗೆ ಹಿಂದಿರುಗಲಿಲ್ಲ. ಕೆಲಸ ಬಿಟ್ಟಳು.

ಉಮಾನಾಥನ ರಜೆ ಮುಗಿಯಿತು. ಕಂಪನಿಯಿಂದ ಫೋನು ಬಂದರೆ, “ಇಲ್ಲ, ಇನ್ನು ಬರುದಿಲ್ಲ,” ಎಂದುಬಿಟ್ಟ. ಹರಿಣಾಕ್ಷಿಯ ಜೀವಮಾನದಲ್ಲಿ ಅಂಥ ದಿನಗಳಿರಲಿಲ್ಲ. ಬೆಳಗ್ಗೆ ಅವನು ಮಲ್ಲಿಗೆ ಬಳ್ಳಿಗೆ ನೀರು ಹಾಕುವುದು, ಮಧ್ಯಾಹ್ನ ಮಗಳಿಗೆ ಲೆಕ್ಕ ಹೇಳಿಕೊಡುವುದು, ಸಂಜೆ ಮೂವರೂ ಚಾವಡಿಯಲ್ಲಿ ಕೂರುವುದು. ಅವನು ಅಂಗಡಿಗೂ ಹೋಗುವುದಿಲ್ಲ, ನೂರು ಹೆಜ್ಜೆಯಾಚೆಯ ಕಡಲನ್ನೂ ನೋಡುವುದಿಲ್ಲ ಎಂಬುದನ್ನು ಅವಳು ಕಂಡೂ ಕಾಣದಂತಿದ್ದಳು. ಕೇಳಿದರೆ, “ನನಗೆ ಇಲ್ಲೇ ಆರಾಮ ಮಾರಾಯ್ತಿ,” ಎನ್ನುತ್ತಿದ್ದ. ನೀರು ಹಾಕುವಾಗ ಗೇಟಿನ ಬಳಿ ಬಂದರೆ ಅವನ ಕಾಲುಗಳು ತಾವಾಗಿ ಹಿಂದಕ್ಕೆ ತಿರುಗುತ್ತಿದ್ದವು, ಗೋಡೆಗೆ ತಾಗಿದ ಆಟಿಕೆಯ ಕಾರಿನಂತೆ.

ಶಾಲೆಗೆ ರಜೆಯಿದ್ದ ಒಂದು ದಿನ ಧನ್ವಿ ಗೇಟಿನಾಚೆ ಸೈಕಲ್ಲು ಬಿಡುತ್ತಿದ್ದಳು. ಹರಿಣಾಕ್ಷಿ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದವಳು ಏನೋ ಬಿದ್ದ ಸದ್ದು ಕೇಳಿದಳು. ಆಮೇಲೆ ಮಗಳ ಅಳು. “ಪಪ್ಪಾ! ಪಪ್ಪಾ!” ಉಮಾನಾಥ ಅಂಗಳದಲ್ಲೇ ಇದ್ದಾನಲ್ಲ ಎಂದು ಒಂದು ಕ್ಷಣ ತಡೆದಳು. ಅಳು ನಿಲ್ಲಲಿಲ್ಲ. ಮುಂಬದಿಗೆ ಓಡಿದಳು.

ಧನ್ವಿ ಓಣಿಯ ನಡುವೆ ಸೈಕಲ್ಲಿನ ಅಡಿಗೆ ಬಿದ್ದಿದ್ದಳು. ಮೊಣಕಾಲು ಒಡೆದು ರಕ್ತ ಹೊಯ್ಗೆಗೆ ಇಳಿಯುತ್ತಿತ್ತು. ಆಚೆ ತಿರುವಿನಿಂದ ಮೀನಿನ ಟೆಂಪೊ ಒಂದು ಹಿಮ್ಮುಖವಾಗಿ ಬರುತ್ತಿತ್ತು. ಗೇಟು ತೆರೆದೇ ಇತ್ತು. ಉಮಾನಾಥ ಗೇಟಿನ ಒಳಗೆ, ಅಂಚಿನಲ್ಲಿ, ಮಂಡಿಯೂರಿ ಕೂತು ಎರಡೂ ಕೈ ಹೊರಗೆ ಚಾಚಿದ್ದ. ಮುಖದ ತುಂಬ ಕಣ್ಣೀರು. ಬಾಯಿ ತೆರೆದಿತ್ತು, ಸ್ವರ ಬರುತ್ತಿರಲಿಲ್ಲ. ಕೈ ಇನ್ನೂ ಮುಂದೆ, ಇನ್ನೂ ಮುಂದೆ ಹೋಗುತ್ತಿತ್ತು. ಕಾಲು ಮಾತ್ರ ಗೇಟಿನ ಗೆರೆ ದಾಟುತ್ತಿರಲಿಲ್ಲ. ಅವನಿಗೆ ಅಲ್ಲಿ ದಾರಿಯೇ ಇರಲಿಲ್ಲ.

ಹರಿಣಾಕ್ಷಿ ಅವನನ್ನು ಹಾರಿಕೊಂಡೇ ಓಡಿ, ಚಕ್ರ ಬರುವ ಮೊದಲು ಮಗಳನ್ನು ಎಳೆದುಕೊಂಡಳು. ಟೆಂಪೊ ಸೈಕಲ್ಲನ್ನು ಚಪ್ಪಟೆ ಮಾಡಿ ನಿಂತಿತು.

ಮಗಳಿಗೆ ಪಟ್ಟಿ ಕಟ್ಟಿಸಿ ಮಲಗಿಸಿದ ಮೇಲೆ ಡಾಕ್ಟರ್ ಹೊಳ್ಳರಿಗೆ ಫೋನು ಮಾಡಿದಳು. ಆದದ್ದನ್ನು ಹೇಳಿದಳು, ಅದರ ಕಾರಣ ಹೇಳಲು ಬಾಯಿ ಬರಲಿಲ್ಲ.

“ಆವತ್ತು ನೀವು ಹೇಳಿದ್ದು ನಾನು ಕೇಳಿದ್ದೆ ಹರಿಣಾಕ್ಷಿ,” ಎಂದರು ಅವರು. “ಅಲ್ಲೇ ಇನ್ನೊಮ್ಮೆ ಹೇಳಿಸಿ ತಿದ್ದಬಹುದಿತ್ತು. ನಿಮ್ಮ ಮುಖ ನೋಡಿ ತಿದ್ದಲಿಲ್ಲ.”

“ಒಂದು ಸುರುಳಿಯಾದ್ರೂ ಉಳಿದಿಲ್ವಾ?”

“ಇಲ್ಲ. ಇದ್ರೂ ಕೊಡ್ತಿರಲಿಲ್ಲ. ಕೇಳಿ, ಮಣ್ಣು ಒಣಗಿದ್ರೂ ಮಿದುಳು ಮಡಕೆ ಅಲ್ಲ. ಅದು ತನ್ನಷ್ಟಕ್ಕೆ ನಕ್ಷೆ ತಿದ್ದಿಕೊಳ್ತದೆ. ಯಾವಾಗ ಗೊತ್ತುಂಟಾ? ದಾರಿ ತಪ್ಪಿದಾಗ. ಎಲ್ಲಿದ್ದೇನೆ ಅಂತ ಗೊತ್ತಾಗದೆ ಕಂಗಾಲಾಗ್ತೇವಲ್ಲ, ಆಗ. ಅವರನ್ನು ಹೊರಗೆ ತನ್ನಿ. ಆದ್ರೆ ನೀವು ದಾರಿ ಹೇಳಬೇಡಿ. ಒಂದು ಅಕ್ಷರವೂ ಹೇಳಬೇಡಿ.”

ಮರುದಿನ ಅವಳು ಗೇಟಿನ ಹೊರಗೆ ನಿಂತು ಅವನ ಕೈ ಹಿಡಿದು ಎಳೆದಳು. ಅವನು ಒಂದು ಹೆಜ್ಜೆ ಇಟ್ಟು ಬೆವರಿ ವಾಂತಿ ಮಾಡಿಕೊಂಡ. ಮಗಳ ಪಟ್ಟಿ ಕಟ್ಟಿದ ಕಾಲನ್ನು ನೋಡಿ, ಹಲ್ಲು ಕಚ್ಚಿ, ಮತ್ತೊಂದು ಹೆಜ್ಜೆ ಇಟ್ಟ. ದಿನಾ ಹೀಗೇ. ಕಾಸರಕನ ಮರದವರೆಗೆ ಬರಲು ಒಂದು ಮಳೆಗಾಲವೇ ಹಿಡಿಯಿತು. ಅಷ್ಟು ದಿನವೂ ಹೊರಗೆ ಹರಿಣಾಕ್ಷಿ ತುಟಿ ಬಿಚ್ಚಲಿಲ್ಲ. ಕೈ ಹಿಡಿಯುತ್ತಿದ್ದಳು, ಅಷ್ಟೆ.

ಒಂದು ಬೆಳಗ್ಗೆ ಅವನು ಅವಳ ಕೈ ಬಿಟ್ಟು ಐಸ್ ಪ್ಲಾಂಟಿನವರೆಗೆ ನಡೆದ. ಅಲ್ಲಿ ನಿಂತು ಎರಡೂ ಕಡೆ ನೋಡಿದ. ಹಿಂದಿರುಗಬೇಕಾದ ಓಣಿ ಅವನ ಬೆನ್ನಿಗಿತ್ತು. ಅವನು ಎದುರಿನ ಸಂದಿಗೆ ಇಳಿದ. ‘ಅಲ್ಲಲ್ಲ’ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಸೆರಗಿನಿಂದ ಬಾಯಿ ಒತ್ತಿಕೊಂಡು ಹಿಂದೆ ನಡೆದಳು. ಸಂದಿ ಬಲೆ ಹೊಲಿಯುವವರ ಚಪ್ಪರಗಳನ್ನು ದಾಟಿತು, ಮುರುಕು ದೋಣಿಗಳನ್ನು ದಾಟಿತು, ಉಪ್ಪುನೀರಿನ ತೋಡಿನ ಬದಿಗೆ ಬಂದು ನಿಂತುಹೋಯಿತು. ಅತ್ತಿತ್ತ ಕಾಂಡ್ಲಾ ಗಿಡಗಳ ಹಸಿರು ಗೋಡೆ. ಆಕಾಶದಲ್ಲಿ ಸೂರ್ಯ ಯಾವ ಕಡೆಯೆಂದು ತಿಳಿಯದಂತೆ ಮೋಡ. ಹುಟ್ಟಿದಾರಭ್ಯ ಪಡುಬೈಲಿನಲ್ಲಿದ್ದ ಹರಿಣಾಕ್ಷಿ ಈ ಜಾಗವನ್ನು ಕಂಡಿರಲಿಲ್ಲ.

ಉಮಾನಾಥ ಗಕ್ಕನೆ ನಿಂತ. ಕುತ್ತಿಗೆಯ ನರಗಳು ಉಬ್ಬಿದವು. ಸುತ್ತ ತಿರುಗಿದ, ಮತ್ತೆ ತಿರುಗಿದ.

“ಇದೆಲ್ಲಿಗೆ ಬಂದದ್ದು ನಾವು?”

ಅವಳು ಬಾಯಿಯಿಂದ ಸೆರಗು ತೆಗೆದಳು. “ನನಗೂ ಗೊತ್ತಿಲ್ಲ,” ಎಂದಳು. ನಿಜವೇ ಆಗಿತ್ತು.

ಅವನು ಅವಳನ್ನು ಬಹಳ ಹೊತ್ತು ನೋಡಿದ. ತಿಂಗಳುಗಳ ಮೇಲೆ ಅವನ ಕಣ್ಣಿನಲ್ಲಿ ಆ ಹಸುಳೆತನ ಇರಲಿಲ್ಲ. ಅಪರಿಚಿತಳನ್ನು ಅಳೆದು ನೋಡುವ ಒಬ್ಬ ಗಂಡಸು ಅಲ್ಲಿ ನಿಂತಿದ್ದ.

“ಹರಿಣಾ, ನಿನ್ನ ಸ್ವರ ಕೇಳಿದ್ರೆ ನನ್ನ ಕಾಲು ತಾನಾಗಿ ಹೊರಡ್ತದೆ,” ಎಂದ. “ಎಲ್ಲಿಗೆ ಅಂತ ನನಗೇ ಗೊತ್ತಿರುದಿಲ್ಲ. ಇನ್ನು ಸ್ವಲ್ಪ ದಿನ ನನ್ನ ಹತ್ತಿರ ಮಾತಾಡ್ಬೇಡ.”

ಅವಳು ಹೂಂ ಎನ್ನಲಿಲ್ಲ. ತಲೆಯಾಡಿಸಿದಳು.

ಅವನು ತೋಡಿನ ಬದಿಯಲ್ಲೇ ಕೆಸರು ತುಳಿಯುತ್ತಾ ನಡೆದ. ಎರಡು ಸಲ ಹಿಂದೆ ಬಂದ, ಒಂದು ಬೇಲಿ ಹಾರಿದ. ಕೊನೆಗೆ ಮರಗಳ ನಡುವಿನಿಂದ ಇಬ್ಬರೂ ಹೆದ್ದಾರಿಗೆ ಬಂದು ಬಿದ್ದರು. ಆ ಹೊತ್ತಿಗೆ ಬೊಳ್ಳಿಪದವಿನ ಬಸ್ಸು ಬಂದು ಅವರ ಎದುರಿಗೇ ನಿಂತಿತು. “ಏರ್‌ಪೋರ್ಟ್, ಏರ್‌ಪೋರ್ಟ್! ಹತ್ತಿ, ಸೀಟುಂಟು!” ಎಂದು ಕಂಡಕ್ಟರ್ ಬಾಗಿಲು ಬಡಿದ. ಉಮಾನಾಥ ತೆರೆದ ಬಾಗಿಲನ್ನು ನೋಡಿದ, ಒಳಗಿನ ಖಾಲಿ ಸೀಟನ್ನು ನೋಡಿದ.

“ಇಲ್ಲ, ಹೋಗಿ ನೀವು,” ಎಂದ.

ಬಸ್ಸು ಹೋಯಿತು. ಅವನು ರಸ್ತೆ ದಾಟಿ, ಹೆಸರು ಗೊತ್ತಿಲ್ಲದ ಒಂದು ಗೂಡಂಗಡಿಯ ಬೆಂಚಿನಲ್ಲಿ ಕೂತು, ಚಪ್ಪಲಿಯ ಕೆಸರನ್ನು ಕಲ್ಲಿಗೆ ತಿಕ್ಕಿದ. ಎರಡು ಚಾ ಹೇಳಿದ. ಒಂದನ್ನು ಬೆಂಚಿನ ಇನ್ನೊಂದು ತುದಿಗೆ ಸರಿಸಿದ.

“ಇದು ಕುಡಿದು ನೋಡುವಾ, ಎಲ್ಲಿಗೆ ಹೋಗುದು ಅಂತ,” ಎಂದ, ರಸ್ತೆಯ ಕಡೆಗೇ ನೋಡುತ್ತಾ.

ಹರಿಣಾಕ್ಷಿ ಬೆಂಚಿನ ಆ ತುದಿಯಲ್ಲಿ ಕೂತು, ಸದ್ದಾಗದಂತೆ ಚಾ ಕುಡಿದಳು.